ಜಿಲ್ಲೆ ಬದಲಾದರೆ ತಾಲೂಕು ಖಾಲಿಯಾಗಬೇಕು

ಆನ್‌ಲೈನ್‌ನಲ್ಲಿ ಒಂದು ಸಾಮಾನು ತರಿಸಲು ಫಾರಂ ತುಂಬುತ್ತಿದ್ದೆ. ಮಾವನ ಮನೆಗೆ ಕಳಿಸೋಣ ಅಂತ ಮೊದಲು ಜಿಲ್ಲೆ ಚಿತ್ರದುರ್ಗ, ತಾಲೂಕು ಹೊಳಲ್ಕೆರೆ ಆರಿಸಿದೆ. ಆಮೇಲೆ ಬೇಡ, ನಮ್ಮನೆಗೇ ಬರಲಿ ಅಂತ ಜಿಲ್ಲೆಯನ್ನು ದಾವಣಗೆರೆಗೆ ಬದಲಾಯಿಸಿದೆ. ತಾಲೂಕು ಮಾತ್ರ ಹೊಳಲ್ಕೆರೆಯಲ್ಲೇ ಕೂತಿತ್ತು. ನಾನೂ ನೋಡಲಿಲ್ಲ, ಫಾರಂ ಕೂಡ ತಡೆಯಲಿಲ್ಲ. ಪಾರ್ಸೆಲ್ ಹೊಳಲ್ಕೆರೆಗೆ ಹೋಗಿ ಹತ್ತು ದಿನ ಬಿದ್ದಿತ್ತು.

ಒಂದು ಡ್ರಾಪ್‌ಡೌನ್ (ಒತ್ತಿದರೆ ತೆರೆದುಕೊಳ್ಳುವ ಆಯ್ಕೆಗಳ ಪಟ್ಟಿ) ಇನ್ನೊಂದನ್ನು ನಂಬಿಕೊಂಡಿರುವ ಫಾರಂ ಮಾಡುವಾಗ ಎಲ್ಲರೂ ಪಟ್ಟಿ ತುಂಬುವುದರ ಬಗ್ಗೆಯೇ ಯೋಚನೆ ಮಾಡುತ್ತಾರೆ. ಅದು ಸುಲಭದ ಕೆಲಸ. ಎಡವಟ್ಟು ಆಗುವುದು ಹಳೆಯದನ್ನು ಖಾಲಿ ಮಾಡುವಲ್ಲಿ.

ಮೊದಲು ಪೇಜ್‌ನಲ್ಲಿ ಎರಡು ಸೆಲೆಕ್ಟ್ (ಡ್ರಾಪ್‌ಡೌನ್‌ನ ಎಚ್‌ಟಿಎಂಎಲ್ ಹೆಸರು) ಇಡಿ. ಜಿಲ್ಲೆಯದರಲ್ಲಿ ಮೊದಲ ಆಪ್ಷನ್ ‘ಜಿಲ್ಲೆ ಆರಿಸಿ’, ಅದರ ವ್ಯಾಲ್ಯೂ (ಸರ್ವರ್‌ಗೆ ಹೋಗುವ ಮಾಹಿತಿ) ಖಾಲಿ. ತಾಲೂಕಿನದರಲ್ಲಿ ‘ಮೊದಲು ಜಿಲ್ಲೆ ಆರಿಸಿ’ ಅನ್ನುವ ಒಂದೇ ಆಪ್ಷನ್, ಮತ್ತು ಆ ಸೆಲೆಕ್ಟ್ ಡಿಸೇಬಲ್ ಆಗಿರಲಿ, ಅಂದರೆ ಒತ್ತಲು ಬಾರದ ಹಾಗೆ. ಎರಡಕ್ಕೂ ರಿಕ್ವೈರ್ಡ್ (ಆರಿಸಲೇಬೇಕು ಅನ್ನುವ ಗುರುತು) ಹಾಕಿ. ವ್ಯಾಲ್ಯೂ ಖಾಲಿ ಇದ್ದರೆ ಬ್ರೌಸರ್ ತಾನೇ ಸಬ್ಮಿಟ್ ತಡೆಯುತ್ತದೆ. ಆದರೆ ಡಿಸೇಬಲ್ ಆದ ಸೆಲೆಕ್ಟ್ ಅನ್ನು ಬ್ರೌಸರ್ ಪರೀಕ್ಷೆ ಮಾಡುವುದೂ ಇಲ್ಲ, ಸರ್ವರ್‌ಗೆ ಕಳಿಸುವುದೂ ಇಲ್ಲ. ಇದು ಗೊತ್ತಿಲ್ಲದೆ ನಾನೊಮ್ಮೆ ಅರ್ಧ ದಿನ ತಲೆ ಕೆರೆದುಕೊಂಡಿದ್ದೆ.

ಇನ್ನು ಪಟ್ಟಿ. ಜಾವಾಸ್ಕ್ರಿಪ್ಟ್‌ನಲ್ಲಿ ಒಂದೊಂದು ಜಿಲ್ಲೆಗೂ ಇಫ್-ಎಲ್ಸ್ ಬರೆಯುತ್ತಾ ಕೂರಬೇಡಿ, 31 ಜಿಲ್ಲೆ ಮುಗಿಯುವಷ್ಟರಲ್ಲಿ ಸಾಕಾಗುತ್ತದೆ. ಒಂದು ಆಬ್ಜೆಕ್ಟ್ ಮಾಡಿ: ಜಿಲ್ಲೆಯ ಕೋಡ್ ಕೀ (ಹುಡುಕುವ ಗುರುತು), ಅದರ ಎದುರಿಗೆ ತಾಲೂಕುಗಳ ಅರೇ, ಅಂದರೆ ಪಟ್ಟಿ. ದಾವಣಗೆರೆಗೆ ದಾವಣಗೆರೆ, ಹರಿಹರ, ಜಗಳೂರು, ಚನ್ನಗಿರಿ, ಹೊನ್ನಾಳಿ, ನ್ಯಾಮತಿ. ಚಿತ್ರದುರ್ಗಕ್ಕೆ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಚಳ್ಳಕೆರೆ, ಮೊಳಕಾಲ್ಮೂರು.

ಹೆಸರನ್ನೇ ಕೀ ಮಾಡಿದರೆ ಆಗಲ್ವಾ ಅಂತ ಕೇಳಬಹುದು. ದಾವಣಗೆರೆ ಜಿಲ್ಲೆಯೂ ಹೌದು, ತಾಲೂಕೂ ಹೌದು. ಮೊಳಕಾಲ್ಮೂರನ್ನು ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ. ಹಳ್ಳಿ ಮಟ್ಟಕ್ಕೆ ಇಳಿದರೆ ಒಂದೇ ಹೆಸರಿನ ಊರು ಎಷ್ಟೋ ಸಿಗುತ್ತವೆ. ಅದಕ್ಕೇ ಕಾಣುವುದಕ್ಕೆ ಹೆಸರು, ವ್ಯಾಲ್ಯೂಗೆ ಕೋಡ್. ಕೇಂದ್ರ ಸರ್ಕಾರದ ಲೋಕಲ್ ಗವರ್ನಮೆಂಟ್ ಡೈರೆಕ್ಟರಿಯಲ್ಲಿ ಜಿಲ್ಲೆಯಿಂದ ಹಳ್ಳಿಯವರೆಗೆ ಕೋಡ್‌ಗಳಿವೆ, ಅವನ್ನೇ ಬಳಸಿ.

ಪಟ್ಟಿಯನ್ನು ಬೇರೆ, ಮಾಹಿತಿ ಮಾತ್ರ ಇರುವ ಜೇಸನ್ ಫೈಲ್‌ನಲ್ಲಿ ಇಡುವುದು ಒಳ್ಳೆಯದು. ಯಾಕೆ ಅಂದರೆ ಹರಪನಹಳ್ಳಿಯನ್ನೇ ನೋಡಿ. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಬಳ್ಳಾರಿಯಿಂದ ನಮ್ಮ ಕಡೆಗೆ ಬಂತು, ಆಮೇಲೆ ವಾಪಸ್ ಬಳ್ಳಾರಿಗೆ ಹೋಯಿತು, 2021ರಲ್ಲಿ ವಿಜಯನಗರ ಜಿಲ್ಲೆ ಆದಾಗ ಅಲ್ಲಿಗೆ ಸೇರಿತು. ಪ್ರತಿ ಸಲವೂ ಪ್ರೋಗ್ರಾಂ ಬಿಚ್ಚಿ ತಿದ್ದುತ್ತೀರಾ?

ಈಗ ಮುಖ್ಯ ಕೆಲಸ. ಜಿಲ್ಲೆಯ ಸೆಲೆಕ್ಟ್‌ಗೆ ಚೇಂಜ್ ಇವೆಂಟ್ (ಆಯ್ಕೆ ಬದಲಾದಾಗ ಏಳುವ ಸೂಚನೆ) ಹಾಕಿ, ಒಂದು ಫಂಕ್ಷನ್ ಕರೆಸಿ. ಅದು ಮೊದಲು ತಾಲೂಕಿನ ಎಲ್ಲ ಆಪ್ಷನ್ ಅಳಿಸಬೇಕು, ಆಮೇಲೆ ಖಾಲಿ ವ್ಯಾಲ್ಯೂವಿನ ‘ತಾಲೂಕು ಆರಿಸಿ’ ಸೇರಿಸಬೇಕು, ಜಿಲ್ಲೆ ಖಾಲಿ ಇದ್ದರೆ ಡಿಸೇಬಲ್ ಮಾಡಿ ಅಲ್ಲೇ ನಿಲ್ಲಬೇಕು, ಇಲ್ಲದಿದ್ದರೆ ಹೊಸ ಪಟ್ಟಿ ತುಂಬಿ ಡಿಸೇಬಲ್ ತೆಗೆಯಬೇಕು. ಹೋಬಳಿ ಅಂತ ಮೂರನೆಯದಿದ್ದರೆ ಜಿಲ್ಲೆ ಬದಲಾದ ಕ್ಷಣವೇ ಅದೂ ಖಾಲಿ. ಕೆಲವರು ಅಳಿಸುವ ಬದಲು ಸಿಎಸ್ಎಸ್‌ನಲ್ಲಿ ಆಪ್ಷನ್ ಮರೆಮಾಡುತ್ತಾರೆ. ಹಾಗೆ ಮಾಡಬೇಡಿ. ಕಣ್ಣಿಗೆ ಕಾಣದಿದ್ದರೂ ಆರಿಸಿದ್ದು ಹಾಗೇ ಉಳಿಯುತ್ತದೆ, ನನ್ನ ಪಾರ್ಸೆಲ್ ಥರ.

ಹಳ್ಳಿಗಳ ಪಟ್ಟಿ ದೊಡ್ಡದು, ಎಲ್ಲವನ್ನೂ ಒಮ್ಮೆಗೇ ಪೇಜ್‌ಗೆ ತುಂಬಿದರೆ ಭಾರವಾಗುತ್ತದೆ. ತಾಲೂಕು ಆರಿಸಿದ ಮೇಲೆ ಫೆಚ್ ಮಾಡಿ ಸರ್ವರ್‌ನಿಂದ ತರಿಸಿ. ಬರುವ ತನಕ ‘ಸ್ವಲ್ಪ ತಡೆಯಿರಿ’ ಅಂತ ತೋರಿಸಿ ಡಿಸೇಬಲ್ ಮಾಡಿಡಿ. ಇಲ್ಲೊಂದು ಕಿತಾಪತಿ ಇದೆ. ನೆಟ್ ನಿಧಾನ ಇದೆ ಅಂದುಕೊಳ್ಳಿ. ಒಬ್ಬರು ಜಗಳೂರು ಒತ್ತಿ, ತಪ್ಪಾಯಿತು ಅಂತ ತಕ್ಷಣ ಹರಿಹರ ಒತ್ತಿದರು. ಹರಿಹರದ ಹಳ್ಳಿಗಳು ಮೊದಲು ಬಂದವು, ಜಗಳೂರಿನವು ತಡವಾಗಿ ಬಂದು ಅದರ ಮೇಲೆ ಕೂತವು. ಮೇಲೆ ಹರಿಹರ, ಕೆಳಗೆ ಜಗಳೂರಿನ ಹಳ್ಳಿ! ಹೊಸದನ್ನು ಕೇಳುವ ಮುಂಚೆ ಹಳೆಯ ಫೆಚ್ ಅನ್ನು, ಕೋರಿಕೆ ನಿಲ್ಲಿಸಲೆಂದೇ ಇರುವ ಅಬಾರ್ಟ್ ಕಂಟ್ರೋಲರ್‌ನಿಂದ ರದ್ದು ಮಾಡಿ. ಅದು ತಲೆನೋವು ಅನ್ನಿಸಿದರೆ, ಉತ್ತರ ಬಂದಾಗ ಕೇಳಿದ್ದ ಕೋಡ್ ಮತ್ತು ಈಗ ಆರಿಸಿರುವ ಕೋಡ್ ಒಂದೇನಾ ನೋಡಿ, ಬೇರೆ ಆಗಿದ್ದರೆ ಆ ಉತ್ತರವನ್ನು ಬಿಟ್ಟುಬಿಡಿ.

ಎಡಿಟ್ ಪೇಜ್‌ನಲ್ಲಿ ಇನ್ನೊಂದು ಕಥೆ. ಹಳೆಯ ವಿಳಾಸ ತೋರಿಸಲು ಜಾವಾಸ್ಕ್ರಿಪ್ಟ್‌ನಿಂದ ಜಿಲ್ಲೆಯ ವ್ಯಾಲ್ಯೂ ಇಟ್ಟರೆ ಚೇಂಜ್ ಇವೆಂಟ್ ತಾನಾಗಿ ಏಳುವುದಿಲ್ಲ. ತಾಲೂಕು ತುಂಬುವ ಫಂಕ್ಷನ್ ಅನ್ನು ನೀವೇ ಕರೆಯಬೇಕು, ಪಟ್ಟಿ ತುಂಬಿದ ಮೇಲೆಯೇ ತಾಲೂಕಿನ ವ್ಯಾಲ್ಯೂ ಇಡಬೇಕು. ಫೆಚ್ ಇದ್ದರೆ ಅವೈಟ್ (ಉತ್ತರ ಬರುವ ತನಕ ಕಾಯುವುದು) ಮರೆಯಬೇಡಿ.

ಇಷ್ಟೆಲ್ಲ ಮಾಡಿದರೂ ಸರ್ವರ್‌ನಲ್ಲಿ ಈ ತಾಲೂಕು ಈ ಜಿಲ್ಲೆಯದೇನಾ ಅಂತ ಪರೀಕ್ಷೆ ಮಾಡಲೇಬೇಕು. ಬ್ರೌಸರ್‌ನಲ್ಲಿರುವುದನ್ನು ಯಾರು ಬೇಕಾದರೂ ತಿದ್ದಿ ಕಳಿಸಬಹುದು.

ಮುಗಿದ ಮೇಲೆ ಹೀಗೆ ಪರೀಕ್ಷೆ ಮಾಡಿ: ಚಿತ್ರದುರ್ಗ, ಹೊಳಲ್ಕೆರೆ ಆರಿಸಿ. ಜಿಲ್ಲೆಯನ್ನು ದಾವಣಗೆರೆ ಮಾಡಿ, ತಾಲೂಕು ಮುಟ್ಟದೆ ಸಬ್ಮಿಟ್ ಒತ್ತಿ. ಫಾರಂ ಮುಂದೆ ಹೋದರೆ ಇನ್ನೂ ಕೆಲಸ ಬಾಕಿ ಇದೆ.