ಹೊಟ್ಟೆ ಮೇಲೆ ಬ್ಯಾಗ್ ಬಂದ ಮೇಲೆ ಊಟ ಹೇಗೆ? ಗಂಜಿಯಿಂದ ಮುದ್ದೆವರೆಗೆ ಹಂತ ಹಂತವಾಗಿ

ಕರುಳಿನ ಆಪರೇಷನ್ ಆಗಿ, ಹೊಟ್ಟೆ ಮೇಲೆ ಮಲ ಸೇರುವ ಬ್ಯಾಗ್ ಹಾಕಿಸಿಕೊಂಡು ಮನೆಗೆ ಬಂದವರಲ್ಲಿ ಎಷ್ಟೋ ಜನ ಮೊದಲು ಊಟಕ್ಕೆ ಕತ್ತರಿ ಹಾಕುತ್ತಾರೆ. ತಿಂದರೆ ಬ್ಯಾಗ್ ತುಂಬುತ್ತದೆ, ಕುಡಿದರೆ ಇನ್ನೂ ನೀರಾಗುತ್ತದೆ ಎನ್ನುವ ಭಯ. ಮದುವೆಗೆ ಹೋಗಬೇಕೆಂದರೆ ಹಿಂದಿನ ರಾತ್ರಿಯಿಂದಲೇ ಉಪವಾಸ. ಭಯ ಸಹಜವೇ, ಆದರೆ ಹಸಿದು ಕೂತರೆ ಕರುಳು ಸುಮ್ಮನಿರುವುದಿಲ್ಲ. ಖಾಲಿ ಕರುಳಿನಲ್ಲಿ ಗ್ಯಾಸ್ ಜಾಸ್ತಿಯಾಗುತ್ತದೆ, ನೀರು ಹೋಗುವುದೂ ನಿಲ್ಲುವುದಿಲ್ಲ, ಮೈ ಮಾತ್ರ ಸೊರಗುತ್ತದೆ. ನಿಧಾನವಾಗಿ, ಲೆಕ್ಕ ಇಟ್ಟುಕೊಂಡು ತಿಂದರೆ ನಮ್ಮ ಅಡುಗೆಮನೆಯ ಹೆಚ್ಚಿನ ಊಟ ವಾಪಸ್ ಸಿಗುತ್ತದೆ.

ಮೊದಲು: ನಿಮ್ಮದು ಯಾವ ಸ್ಟೋಮಾ ಎಂದು ತಿಳಿಯಿರಿ

ಸ್ಟೋಮಾ ಎಂದರೆ ಮಲ ಹೊರಬರಲು ಕರುಳನ್ನು ಹೊಟ್ಟೆಯ ಮೇಲೆ ತಂದು ಮಾಡಿದ ಬಾಯಿ. ನಿಮ್ಮದು ಯಾವುದೆಂದು ಡಿಸ್ಚಾರ್ಜ್ ಸಮ್ಮರಿಯಲ್ಲಿ ಬರೆದಿರುತ್ತದೆ. ಗೊತ್ತಾಗದಿದ್ದರೆ ಸರ್ಜನ್ ಅಥವಾ ನರ್ಸ್ ಹತ್ತಿರ ಕೇಳಿ, ಸಂಕೋಚ ಬೇಡ. ದೊಡ್ಡ ಕರುಳನ್ನು ಹೊರಗೆ ತಂದಿದ್ದರೆ ಕೊಲೊಸ್ಟಮಿ, ಸಾಮಾನ್ಯವಾಗಿ ಹೊಟ್ಟೆಯ ಎಡಕ್ಕೆ ಇರುತ್ತದೆ. ಸಣ್ಣ ಕರುಳಿನ ಕೊನೆಯ ಭಾಗವನ್ನು ತಂದಿದ್ದರೆ ಇಲಿಯೊಸ್ಟಮಿ, ಹೆಚ್ಚಾಗಿ ಬಲಕ್ಕೆ. ಕರುಳಿನ ಕ್ಯಾನ್ಸರ್, ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳಿನ ಒಳಗೆ ಹುಣ್ಣಾಗುವ ಕಾಯಿಲೆ), ಟೈಫಾಯ್ಡ್‌ನಿಂದ ಕರುಳು ತೂತಾಗುವುದು, ಹೀಗೆ ಕಾರಣಗಳು ಬೇರೆ ಬೇರೆ.

ಊಟದಲ್ಲಿರುವ ನೀರು, ಉಪ್ಪನ್ನು ಕೊನೆಗೆ ಹೀರಿಕೊಳ್ಳುವುದು ದೊಡ್ಡ ಕರುಳು. ಇಲಿಯೊಸ್ಟಮಿಯಲ್ಲಿ ಊಟ ಅಲ್ಲಿಗೆ ಹೋಗುವುದೇ ಇಲ್ಲ. ಹಾಗಾಗಿ ಮಲ ತೆಳ್ಳಗಿರುತ್ತದೆ, ಜೊತೆಗೆ ಉಪ್ಪೂ ಹೋಗುತ್ತದೆ. ಈ ಬರಹದ ಹೆಚ್ಚಿನ ಮಾತು ಇಲಿಯೊಸ್ಟಮಿ ಇರುವವರಿಗೆ.

ಎರಡನೆಯದು: ಅಳೆಯಿರಿ

ಒಂದು ಅಳತೆ ಜಗ್ ಅನ್ನು ಬಚ್ಚಲಲ್ಲಿ ಇಟ್ಟುಕೊಳ್ಳಿ. ಬ್ಯಾಗ್ ಮೂರರಲ್ಲಿ ಒಂದು ಭಾಗ ತುಂಬಿದಾಗಲೇ ಖಾಲಿ ಮಾಡಿ, ಎಷ್ಟು ಬಂತೆಂದು ಬರೆದಿಡಿ. ಮೊದಲ ವಾರಗಳಲ್ಲಿ ದಿನಕ್ಕೆ ಒಂದು ಲೀಟರ್ ದಾಟಬಹುದು. ಕರುಳು ಹೊಂದಿಕೊಂಡ ಮೇಲೆ ಸುಮಾರು 500ರಿಂದ 800 ಮಿಲಿಲೀಟರ್‌ಗೆ ಬಂದು, ಗಂಜಿಯ ಹದಕ್ಕೆ ನಿಲ್ಲುತ್ತದೆ. ದಿನಕ್ಕೆ ಒಂದೂವರೆ ಲೀಟರ್ ದಾಟುತ್ತಿದ್ದರೆ ಡಾಕ್ಟರಿಗೆ ಫೋನ್ ಮಾಡಿ, ನಾಳೆ ನೋಡೋಣ ಎನ್ನಬೇಡಿ.

ಮೂರನೆಯದು: ಬರೀ ನೀರು ಸಾಲದು, ಉಪ್ಪು ಬೇಕು

ಮನೆಯವರು ಹೆಚ್ಚು ಎಡವುವುದು ಇಲ್ಲೇ. ಸುಸ್ತು, ಬಾಯಾರಿಕೆ ಎಂದ ಕೂಡಲೇ ಚೊಂಬುಗಟ್ಟಲೆ ನೀರು ಕುಡಿಸುತ್ತಾರೆ. ಇಲಿಯೊಸ್ಟಮಿ ಇರುವವರಲ್ಲಿ ಬರೀ ನೀರು ಜಾಸ್ತಿಯಾದರೆ ಅದು ಕರುಳಿನಿಂದ ಉಪ್ಪನ್ನು ಎಳೆದುಕೊಂಡು ಬ್ಯಾಗಿಗೇ ಇಳಿಯುತ್ತದೆ. ಕುಡಿದಷ್ಟೂ ಬಾಯಾರಿಕೆ! ತಲೆ ಸುತ್ತುವುದು, ಕಾಲಿನ ಮೀನಖಂಡ ಹಿಡಿದುಕೊಳ್ಳುವುದು, ಮೂತ್ರ ಕಡಿಮೆಯಾಗಿ ಕಡು ಹಳದಿಯಾಗುವುದು, ಇವೆಲ್ಲ ನೀರು, ಉಪ್ಪು ಕಡಿಮೆಯಾದ ಗುರುತು.

ಇದಕ್ಕೆ ಮದ್ದು ಓಆರ್‌ಎಸ್. ಒಂದು ಲೀಟರಿನ ಪ್ಯಾಕೆಟ್ ಆದರೆ ಪೂರ್ತಿ ಪುಡಿಯನ್ನು ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಒಟ್ಟಿಗೇ ಹಾಕಬೇಕು. ಚಿಟಿಕೆ ಚಿಟಿಕೆಯಾಗಿ ಲೋಟಕ್ಕೆ ಹಾಕಿದರೆ ಹದ ಕೆಡುತ್ತದೆ. ಪ್ಯಾಕೆಟ್ ಸಿಗದಿದ್ದರೆ ಒಂದು ಲೀಟರ್ ನೀರಿಗೆ ಮಟ್ಟಸವಾಗಿ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ದಿನವಿಡೀ ಗುಟುಕು ಗುಟುಕಾಗಿ ಕುಡಿಯಿರಿ, 24 ಗಂಟೆಯ ಮೇಲೆ ಉಳಿದದ್ದನ್ನು ಚೆಲ್ಲಿ.

ಅಂಗಡಿಯಲ್ಲಿ ಕೊಳ್ಳುವಾಗ ಎಚ್ಚರ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ಮಾಡಿದ್ದೋ ಅಂತ ಲೇಬಲ್ ಓದಿ. ಸಕ್ಕರೆ ತುಂಬಿದ ಪಾನೀಯಗಳ ಮೇಲೂ ಓಆರ್‌ಎಸ್ ಎಂದು ಅಚ್ಚು ಹಾಕುತ್ತಿದ್ದರು. ಹಾಗೆ ಹಾಕಬಾರದೆಂದು ಆಹಾರ ಸುರಕ್ಷತೆಯ ಕೇಂದ್ರ ಸಂಸ್ಥೆ ಎಫ್‌ಎಸ್‌ಎಸ್‌ಎಐ 2025ರ ಅಕ್ಟೋಬರ್‌ನಲ್ಲಿ ಹೇಳಿತು. ಅತಿ ಸಿಹಿ ನೀರು ಮಲವನ್ನು ಇನ್ನೂ ತೆಳ್ಳಗೆ ಮಾಡುತ್ತದೆ. ಎಳನೀರು ಒಳ್ಳೆಯದೇ, ಆದರೆ ಅದರಲ್ಲಿ ಪೊಟ್ಯಾಷಿಯಂ ಜಾಸ್ತಿ, ಸೋಡಿಯಂ ಕಡಿಮೆ. ಅದೊಂದನ್ನೇ ನೆಚ್ಚಬೇಡಿ. ಉಪ್ಪು ಹಾಕಿದ ಮಜ್ಜಿಗೆ, ತಿಳಿಸಾರು ನಡೆಯುತ್ತದೆ. ಬಿಪಿ, ಹೃದಯ ಅಥವಾ ಕಿಡ್ನಿ ತೊಂದರೆ ಇದ್ದರೆ ಉಪ್ಪಿನ ಲೆಕ್ಕವನ್ನು ಡಾಕ್ಟರೇ ಹೇಳಲಿ.

ನಾಲ್ಕನೆಯದು: ಮೊದಲ ಆರೆಂಟು ವಾರದ ತಟ್ಟೆ

ಆಪರೇಷನ್ ಆದ ಕರುಳು ಊದಿಕೊಂಡಿರುತ್ತದೆ, ನಾರು ಸಿಕ್ಕಿಕೊಳ್ಳುವ ಸಂಭವ ಜಾಸ್ತಿ. ಮೆತ್ತಗೆ ಬೆಂದ ಅನ್ನ, ತೊಗರಿಬೇಳೆ ಕಟ್ಟು, ಇಡ್ಲಿ, ಮೊಸರು, ಮಾಗಿದ ಬಾಳೆಹಣ್ಣು, ಸಿಪ್ಪೆ ತೆಗೆದು ಬೇಯಿಸಿದ ಆಲೂಗಡ್ಡೆ, ಸಬ್ಬಕ್ಕಿ ಗಂಜಿ, ಮೊಟ್ಟೆ, ಮೀನು ತಿನ್ನಬಹುದು. ಅನ್ನ, ಬಾಳೆಹಣ್ಣು, ಸಬ್ಬಕ್ಕಿ ಮಲವನ್ನು ಗಟ್ಟಿ ಮಾಡಲು ನೆರವಾಗುತ್ತವೆ. ಮಕ್ಕಳಿಗೆ ಮಾಡುವ ರಾಗಿ ಸರಿ ಇದೆಯಲ್ಲ, ಬಟ್ಟೆಯಲ್ಲಿ ಜರಡಿ ಹಿಡಿದದ್ದು, ಅದೂ ಆಗುತ್ತದೆ.

ದಿನಕ್ಕೆ ಮೂರು ದೊಡ್ಡ ಊಟದ ಬದಲು ಐದಾರು ಸಲ ಸ್ವಲ್ಪ ಸ್ವಲ್ಪ ತಿನ್ನಿ. ರಾತ್ರಿ ಊಟ ಬೇಗ ಮುಗಿಸಿದರೆ ಮಧ್ಯರಾತ್ರಿ ಎದ್ದು ಬ್ಯಾಗ್ ಖಾಲಿ ಮಾಡುವ ಕಷ್ಟ ಕಡಿಮೆಯಾಗುತ್ತದೆ.

ಐದನೆಯದು: ಅಗಿಯುವುದನ್ನು ಹೊಸದಾಗಿ ಕಲಿಯಿರಿ

ಮುದ್ದೆಯನ್ನು ನಾವು ಅಗಿಯುವುದಿಲ್ಲ, ನುಂಗುತ್ತೇವೆ. ಹಿಟ್ಟು ನುಣ್ಣಗಿದ್ದರೆ ಮುದ್ದೆಯಿಂದ ಅಷ್ಟು ತೊಂದರೆ ಇಲ್ಲ. ತೊಂದರೆ ಅದರ ಜೊತೆ ಜಾರಿಹೋಗುವ ಬಸ್ಸಾರಿನ ಸೊಪ್ಪು, ಉಪ್ಸಾರಿನ ಕಾಳಿನದು. ಸೊಪ್ಪಿನ ದಂಟು, ಇಡೀ ಕಾಳು ಹಾಗೇ ಹೋಗಿ ಸ್ಟೋಮಾದ ಹತ್ತಿರ ಗಂಟುಕಟ್ಟಬಹುದು. ಹಾಗಾಗಿ ಮೊದಲು ಸೊಪ್ಪನ್ನು ಬೇರೆಯಾಗಿ ಬಾಯಿಗೆ ಹಾಕಿ, ಪೇಸ್ಟ್ ಆಗುವವರೆಗೆ ಅಗಿದು ನುಂಗಿ. ಆಮೇಲೆ ಮುದ್ದೆಯ ತುತ್ತನ್ನು ಬರೀ ರಸದಲ್ಲಿ ಅದ್ದಿ. ಬೇಜಾರಿನ ಕೆಲಸವೇ, ಆದರೆ ಮುದ್ದೆ ಬಿಡುವುದಕ್ಕಿಂತ ಇದು ವಾಸಿ ಅಲ್ವಾ?

ಕೊಬ್ಬರಿ ಚೂರು, ಮುಸುಕಿನ ಜೋಳ, ಕಡಲೆಬೀಜ, ಅಣಬೆ, ಹಲಸು, ಕಿತ್ತಳೆಯ ಬಿಳಿ ನಾರು, ಟೊಮೆಟೊ ಸಿಪ್ಪೆ, ಇವನ್ನು ಶುರುವಿನಲ್ಲಿ ದೂರ ಇಡಿ. ಅವರೆಕಾಳು ಬಿಟ್ಟಿರಲಾರದವರು ಮುಂದೆ ಹಿತಕಿದ ಬೇಳೆಯನ್ನು ಒಂದೆರಡು ಚಮಚದಿಂದ ಶುರು ಮಾಡಬಹುದು. ಸಿಪ್ಪೆ ಹೋಗಿರುತ್ತದೆ, ಗ್ಯಾಸ್ ಮಾತ್ರ ಆಗಬಹುದು.

ಆರನೆಯದು: ಒಂದು ಸಲಕ್ಕೆ ಒಂದೇ ಹೊಸ ಪದಾರ್ಥ

ಎರಡು ತಿಂಗಳ ಹೊತ್ತಿಗೆ ಡಾಕ್ಟರ್ ಸರಿ ಎಂದ ಮೇಲೆ ಹೊಸದನ್ನು ಸ್ವಲ್ಪವೇ ತಿಂದು, ಎರಡು ಮೂರು ದಿನ ನೋಡಿ. ಆಗಿಬರದಿದ್ದರೆ ಕೆಲವು ವಾರ ಬಿಟ್ಟು ಇನ್ನೊಮ್ಮೆ ಪ್ರಯತ್ನಿಸಿ. ಎಲೆಕೋಸು, ಮೂಲಂಗಿ, ಈರುಳ್ಳಿ, ಸೋಡಾ ಗ್ಯಾಸ್ ತರುತ್ತವೆ. ಮೊಟ್ಟೆ, ಮೀನು, ಬೆಳ್ಳುಳ್ಳಿಯಿಂದ ವಾಸನೆ ಜಾಸ್ತಿ. ಮೊಸರು, ಮಜ್ಜಿಗೆಯಿಂದ ಕೆಲವರಿಗೆ ಕಡಿಮೆಯಾಗುತ್ತದೆ. ಬೀಟ್‌ರೂಟ್ ತಿಂದ ಮೇಲೆ ಬ್ಯಾಗ್ ಕೆಂಪಾದರೆ ಹೆದರಬೇಡಿ.

ಕಟ್ಟಿಕೊಂಡರೆ

ನಾಲ್ಕರಿಂದ ಆರು ಗಂಟೆ ಏನೂ ಬರದೆ, ಹೊಟ್ಟೆ ಹಿಂಡಿದಂತಾದರೆ ಗಟ್ಟಿ ಊಟ ನಿಲ್ಲಿಸಿ. ವಾಂತಿ ಇಲ್ಲದಿದ್ದರೆ ಬೆಚ್ಚಗಿನದು ಕುಡಿಯಿರಿ. ಮಲಗಿ ಮಂಡಿಯನ್ನು ಎದೆಗೆ ಎಳೆದುಕೊಳ್ಳಿ, ಸ್ಟೋಮಾ ಸುತ್ತ ಮೆಲ್ಲಗೆ ನೀವಿ. ಅದು ಊದಿದ್ದರೆ ಅದರ ಸುತ್ತ ಕೂರುವ ಬ್ಯಾಗಿನ ತೂತನ್ನು ಸ್ವಲ್ಪ ದೊಡ್ಡದು ಮಾಡಿ. ಭೇದಿ ಮಾಡಿಸುವ ಮಾತ್ರೆ ಖಂಡಿತಾ ಬೇಡ. ವಾಂತಿಯಾದರೆ, ನೋವು ಇಳಿಯದಿದ್ದರೆ, ಸ್ಟೋಮಾ ಕಪ್ಪಗಾದರೆ ತಕ್ಷಣ ಆಸ್ಪತ್ರೆಗೆ ಹೋಗಿ.

ಕೊಲೊಸ್ಟಮಿ ಇದ್ದರೆ

ಕರುಳು ಮಾಗಿದ ಮೇಲೆ ಊಟ ಹೆಚ್ಚುಕಡಿಮೆ ಹಳೆಯದೇ. ಇಲ್ಲಿ ಕಾಟ ಕೊಡುವುದು ಮಲಬದ್ಧತೆ. ಸೊಪ್ಪು, ತರಕಾರಿ, ಹಣ್ಣು, ಬೇಕಾದಷ್ಟು ನೀರು, ಒಂದಿಷ್ಟು ನಡಿಗೆ ಸಾಕು.

ಮಾತ್ರೆಗಳ ವಿಷಯ

ನಿಧಾನವಾಗಿ ಕರಗುವ ಮಾತ್ರೆಗಳು ಇಲಿಯೊಸ್ಟಮಿಯಲ್ಲಿ ಹಾಗೇ ಬ್ಯಾಗಿಗೆ ಬರಬಹುದು. ಬಿಪಿಗೋ ಶುಗರಿಗೋ ಮಾತ್ರೆ ಬರೆಯುವ ಯಾವುದೇ ಡಾಕ್ಟರಿಗೆ ಬ್ಯಾಗ್ ಇರುವುದನ್ನು ಮೊದಲೇ ಹೇಳಿ. ಮಲ ಗಟ್ಟಿಯಾಗಲು ಊಟಕ್ಕೆ ಅರ್ಧ ಗಂಟೆ ಮೊದಲು ಕೊಡುವ ಲೋಪೆರಮೈಡ್ ಕೂಡ ಅವರು ಹೇಳಿದ ಲೆಕ್ಕದಲ್ಲೇ ಇರಲಿ. ಸಣ್ಣ ಕರುಳಿನ ಕೊನೆಯ ಭಾಗವನ್ನೇ ತೆಗೆದಿದ್ದರೆ ವಿಟಮಿನ್ ಬಿ12 ಹೀರಿಕೊಳ್ಳುವುದು ಕಡಿಮೆಯಾಗುತ್ತದೆ. ಚೆಕಪ್‌ಗೆ ಹೋದಾಗ ಅದರ ರಕ್ತ ಪರೀಕ್ಷೆಯನ್ನೂ ಕೇಳಿ ಮಾಡಿಸಿಕೊಳ್ಳಿ.