ಈ ಬ್ಯಾಗು ಭಾರ: ಕುಂದನ್ನು ಮುಂದಿಟ್ಟೇ ಮಾರಿದ ಅನುಭವ

‘ಕುಂದು ತೋರಿಸಿ ಯಾರಾದರೂ ಮಾರುತ್ತಾರಾ?’ ಅಂತ ನಕ್ಕವರಲ್ಲಿ ನನ್ನ ಪಾರ್ಟ್‌ನರ್ ಕೂಡ ಒಬ್ಬರು. ಈಗ ಅವರೇ ಕ್ಲೈಂಟ್‌ಗಳಿಗೆ ಇದನ್ನು ವಿವರಿಸುತ್ತಾರೆ, ತಮ್ಮದೇ ಐಡಿಯಾ ಅನ್ನೋ ಹಾಗೆ. ಇರಲಿ.

ನಮ್ಮದು ಜಾಹೀರಾತು ಮಾಡುವ ಕೆಲಸ, ಈ ಕ್ಲೈಂಟ್ ಬ್ಯಾಗ್ ಮಾರುವವರು. ಮೊದಲು ದುಡ್ಡು ಎಲ್ಲಿ ಹೋಯಿತು ಅಂತ ಹೇಳುತ್ತೇನೆ. ಶುರುವಿನಲ್ಲಿ ಬೇಕಂತಲೇ ತಪ್ಪು ಸ್ಪೆಲಿಂಗ್ ಹಾಕಿ ಜಾಹೀರಾತು ಬಿಟ್ಟೆವು. ಅಮೆರಿಕದ ಚಿಕನ್ ಹೋಟೆಲ್ ಸರಣಿ ಚಿಕ್-ಫಿಲ್-ಎ ಜಾಹೀರಾತಿನ ಹಸುಗಳು ‘ಚಿಕನ್ ತಿನ್ನಿ’ ಅಂತ 1995ರಿಂದ ಬೋರ್ಡ್‌ಗಳಲ್ಲಿ ತಪ್ಪುತಪ್ಪಾಗೇ ಬರೆಯುತ್ತಿವೆ, ಚೆನ್ನಾಗೇ ನಡೆದಿದೆ ಅಲ್ವಾ? ಆದರೆ ಅಲ್ಲಿ ಬರೆಯುವುದು ಹಸು. ಹಸು ತಪ್ಪು ಬರೆದರೆ ನಗು ಬರುತ್ತದೆ, ಕಂಪನಿ ತಪ್ಪು ಬರೆದರೆ ಅನುಮಾನ ಬರುತ್ತದೆ. ಕಾಮೆಂಟ್ ರಾಶಿ ಬಿತ್ತು, ಆರ್ಡರ್ ಬರಲಿಲ್ಲ. ಆ ತಿಂಗಳ ಬಜೆಟ್‌ನಲ್ಲಿ ಹೆಚ್ಚುಕಡಿಮೆ ಅರ್ಧ ಅಲ್ಲೇ ಮುಗಿಯಿತು.

ಆಮೇಲೆ ಅಲುಗಾಡುವ ವಿಡಿಯೋ. ಸ್ಟುಡಿಯೋ ಬಾಡಿಗೆ, ಲೈಟು, ಕ್ಯಾಮೆರಾಮನ್ ಎಲ್ಲದಕ್ಕೂ ದುಡ್ಡು ಕೊಟ್ಟು, ಫೋನಿನಲ್ಲಿ ತೆಗೆದ ಹಾಗೆ ಕಾಣಲಿ ಅಂತ ಕ್ಯಾಮೆರಾ ಅಲ್ಲಾಡಿಸಿದೆವು. ನೋಡಿದವರು ತಕ್ಷಣ ಹಿಡಿದುಬಿಟ್ಟರು. ಕೊನೆಗೆ ಬ್ಯಾಗ್ ಹೊಲಿಯುವವರ ಕೈಗೇ ಫೋನ್ ಕೊಟ್ಟೆ. ಹೊಲಿಗೆ ಮೆಷಿನ್ ಸದ್ದಿನಲ್ಲಿ ಅರ್ಧ ಮಾತು ಕೇಳಿಸುವುದಿಲ್ಲ. ಖರ್ಚಿಲ್ಲದ ಆ ವಿಡಿಯೋ ಇವತ್ತಿಗೂ ಓಡುತ್ತಿದೆ.

ಗೆದ್ದದ್ದು ಮಾತ್ರ ಒಂದೇ ಸಾಲು: ‘ಈ ಬ್ಯಾಗು ಭಾರ. ಖಾಲಿ ಇದ್ದಾಗಲೂ.’ ಕ್ಲೈಂಟ್‌ಗೆ ಸಿಟ್ಟು ಬಂತು. ಆದರೆ ಭಾರ ಯಾಕೆ? ದಪ್ಪ ಕ್ಯಾನ್ವಾಸ್, ಎರಡು ಸಾಲು ಹೊಲಿಗೆ, ಹಿತ್ತಾಳೆ ಬಕಲ್. ಅದನ್ನು ನಾವು ಬರೆಯಲೇ ಇಲ್ಲ, ಫೋಟೋದಲ್ಲಿ ಕಾಣುವಂತೆ ಬಿಟ್ಟೆವು. ಫೋಕ್ಸ್‌ವ್ಯಾಗನ್‌ನ 1960ರ ‘ಲೆಮನ್’ (ಇಂಗ್ಲಿಷ್ ಆಡುಮಾತಿನಲ್ಲಿ ಕೆಟ್ಟ ಕಾರು) ಜಾಹೀರಾತನ್ನು ಇನ್ನೊಮ್ಮೆ ಓದಿ. ಗ್ಲೋವ್ ಬಾಕ್ಸ್‌ನ ಕ್ರೋಮ್ ಪಟ್ಟಿಯಲ್ಲಿ ಕಲೆ, ಅಷ್ಟಕ್ಕೇ ಕಾರು ಹಡಗು ಹತ್ತಲಿಲ್ಲ. ಎಂಜಿನ್ ಕೆಟ್ಟಿತ್ತು ಅಂದಿದ್ದರೆ ಯಾರು ಕೊಳ್ಳುತ್ತಿದ್ದರು?

ಮನಶ್ಶಾಸ್ತ್ರಜ್ಞ ಆರನ್ಸನ್‌ರ 1966ರ ಪ್ರಯೋಗವನ್ನು ಎಲ್ಲರೂ ಹೇಳುತ್ತಾರೆ. ಕ್ವಿಜ್‌ನಲ್ಲಿ ಜಾಣ ಅನ್ನಿಸಿಕೊಂಡವನು ಕಾಫಿ ಚೆಲ್ಲಿಕೊಂಡಾಗ ಜನರಿಗೆ ಇನ್ನೂ ಇಷ್ಟವಾದ. ಸಾಧಾರಣದವನು ಚೆಲ್ಲಿಕೊಂಡಾಗ ಇನ್ನೂ ಕೆಳಗಿಳಿದ. ಈ ಎರಡನೇ ಅರ್ಧ ಯಾರ ಸ್ಲೈಡ್‌ನಲ್ಲೂ ಇರುವುದಿಲ್ಲ.

ಲೆಕ್ಕ ನೆನಪಿನಿಂದ ಹೇಳುತ್ತಿದ್ದೇನೆ: ಆರ್ಡರ್ ಒಂದಕ್ಕೆ ಬೀಳುತ್ತಿದ್ದ ಜಾಹೀರಾತು ಖರ್ಚು ಸುಮಾರು ಮೂರನೇ ಒಂದು ಭಾಗ ಇಳಿಯಿತು. ಅದಕ್ಕಿಂತ ಜಾಸ್ತಿ ಖುಷಿ ಕೊಟ್ಟಿದ್ದು ರಿಟರ್ನ್ಸ್. ‘ತುಂಬಾ ಭಾರ’ ಅಂತ ವಾಪಸ್ ಬರುತ್ತಿದ್ದವು ಅರ್ಧಕ್ಕಿಂತ ಕಡಿಮೆಯಾದವು. ಹಗುರ ಬ್ಯಾಗು ಬೇಕಿದ್ದವರು ಕೊಳ್ಳಲೇ ಇಲ್ಲ, ಅಷ್ಟೇ.

ನಡುವೆ ಸುಮ್ನೆ ಒಂದು ಮೇಲ್ ಆಟವನ್ನೂ ಆಡಿದೆ. ‘ಕ್ಷಮಿಸಿ, ತಪ್ಪು ಲಿಂಕ್ ಹೋಗಿತ್ತು’ ಅಂತ ಎರಡನೇ ಮೇಲ್ ಕಳಿಸುವುದು. ಮೊದಲ ಸಲ ಓಪನ್ ರೇಟ್, ಅಂದರೆ ಮೇಲ್ ತೆರೆದು ನೋಡಿದವರ ಪ್ರಮಾಣ, ಹಾರಿತು. ಇನ್ನೊಮ್ಮೆ ಮಾಡಿದಾಗ ಅನ್‌ಸಬ್‌ಸ್ಕ್ರೈಬ್, ಅಂದರೆ ಇನ್ನು ಮೇಲ್ ಬೇಡ ಅಂದವರ ಸಂಖ್ಯೆ, ಹಾರಿತು. ಅದು ಕುಂದಲ್ಲ, ಸುಳ್ಳು.

ಮೂರು ಸ್ಟಾರ್ ರಿವ್ಯೂ ಒಂದನ್ನು ಮೇಲೆ ಪಿನ್ ಮಾಡಿದ್ದು ಕೆಲಸ ಮಾಡಿತು. ಎಂಥ ರಿವ್ಯೂ ಆರಿಸಬೇಕು, ಎಷ್ಟು ದಿನ ಇಡಬೇಕು ಅನ್ನೋದಕ್ಕೆ ನನ್ನದೇ ಒಂದು ಲೆಕ್ಕವಿದೆ. ಅದು ನನ್ನ ಹತ್ತಿರವೇ ಇರಲಿ, ಹೊಟ್ಟೆಪಾಡು.

ಈಗ ಅದೇ ಕ್ಲೈಂಟ್ ಫೋನ್ ಮಾಡಿ, ‘ಜಿಪ್ ಸಿಕ್ಕಿಹಾಕಿಕೊಳ್ಳುತ್ತೆ, ಅದನ್ನೂ ಜಾಹೀರಾತು ಮಾಡೋಣವಾ ಸಾರ್?’ ಅನ್ನುತ್ತಾರೆ. ಮೊದಲು ಜಿಪ್ ಬದಲಾಯಿಸಿ ಅಂದಿದ್ದೇನೆ.