ನ್ಯೂಟ್ರಿನೊ ವೇಷ ಬದಲಿಸುವುದನ್ನು ಪತ್ತೆ ಹಚ್ಚುವುದು ಹೇಗೆ?

ನ್ಯೂಟ್ರಿನೊ ಎಂದರೆ ಬೇರೆ ವಸ್ತುಗಳಿಗೆ ತಾಗದೆ ಹಾದುಹೋಗುವ ಅತಿ ಸೂಕ್ಷ್ಮ ಕಣ. ಎಲೆಕ್ಟ್ರಾನ್, ಮ್ಯೂಯಾನ್, ಟೌ ಎಂದು ಅದರಲ್ಲಿ ಮೂರು ಬಗೆ. ಒಂದು ಬಗೆ ಇನ್ನೊಂದಾಗುವುದೇ ಈ ವೇಷ ಬದಲಾವಣೆ. ಅದನ್ನು ಹಿಡಿಯಲು ಮೊದಲು ಬೇಕಾದದ್ದು ಒಂದು ಆಳವಾದ ಗಣಿ. ಆಕಾಶದಿಂದ ಕಣಗಳ ಮಳೆ ಸದಾ ಸುರಿಯುತ್ತಿರುತ್ತದೆ. ನೆಲದ ಮೇಲೆ ಕೂತರೆ ಆ ಗದ್ದಲದಲ್ಲಿ ನ್ಯೂಟ್ರಿನೊ ಸುಳಿವೇ ಸಿಗುವುದಿಲ್ಲ. ಬಂಡೆ ಉಳಿದ ಕಣಗಳನ್ನು ತಡೆಯುತ್ತದೆ, ನ್ಯೂಟ್ರಿನೊ ಮಾತ್ರ ಸಲೀಸಾಗಿ ದಾಟಿ ಬರುತ್ತದೆ. ಗಾಳಿಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಗುರುತು 1965ರಲ್ಲಿ ನಮ್ಮ ಕೆಜಿಎಫ್‌ನಲ್ಲೇ ಸಿಕ್ಕಿತ್ತು. ಚಾಂಪಿಯನ್ ರೀಫ್ ಗಣಿಯಲ್ಲಿ, ಎರಡು ಕಿಲೋಮೀಟರಿಗೂ ಜಾಸ್ತಿ ಆಳದಲ್ಲಿ! ಚಿನ್ನಕ್ಕಾಗಿ ತೋಡಿದ ಆ ಸುರಂಗಕ್ಕೆ ಈ ಹೆಮ್ಮೆಯೂ ಸಲ್ಲಬೇಕು.

ಆಮೇಲೆ ನೀರು. ಜಪಾನಿನ ಕಾಮಿಯೋಕಾ ಗಣಿಯಲ್ಲಿ, ಒಂದು ಕಿಲೋಮೀಟರ್ ಬಂಡೆಯ ಕೆಳಗೆ, 50,000 ಟನ್ ಶುದ್ಧ ನೀರಿನ ತೊಟ್ಟಿಯಿದೆ. ಹೆಸರು ಸೂಪರ್ ಕಾಮಿಯೋಕಾಂಡೆ. ಒಳಗೋಡೆಯ ತುಂಬ ಬೆಳಕನ್ನು ಗುರುತಿಸುವ 11,000ಕ್ಕೂ ಹೆಚ್ಚು ಗಾಜಿನ ಬುರುಡೆಗಳು. ಅಪರೂಪಕ್ಕೊಮ್ಮೆ ನ್ಯೂಟ್ರಿನೊ ನೀರಿನ ಪರಮಾಣುವಿಗೆ ಡಿಕ್ಕಿ ಹೊಡೆಯುತ್ತದೆ. ಆಗ ಚಿಮ್ಮುವ ಕಣದಿಂದ ಗೋಡೆಯ ಮೇಲೆ ಬೆಳಕಿನ ಉಂಗುರ ಮೂಡುತ್ತದೆ. ಅಂಚು ಸ್ಪಷ್ಟವಾಗಿದ್ದರೆ ಬಂದದ್ದು ಮ್ಯೂಯಾನ್ ನ್ಯೂಟ್ರಿನೊ. ಮಸುಕಾಗಿದ್ದರೆ ಎಲೆಕ್ಟ್ರಾನ್ ನ್ಯೂಟ್ರಿನೊ. ಯಾವ ದಿಕ್ಕಿನಿಂದ ಬಂತು ಅನ್ನುವುದೂ ಅದರಿಂದಲೇ ತಿಳಿಯುತ್ತದೆ.

ಈಗ ಎಣಿಸಬೇಕು. ನನಗೆ ತುಂಬಾ ಇಷ್ಟವಾದ ಹಂತ ಇದು. ಒಟ್ಟು ಎಷ್ಟು ಬರಬೇಕು ಎಂಬ ಲೆಕ್ಕದಲ್ಲಿ ತಪ್ಪಾಗಬಹುದು. ಆದರೆ ಮೇಲಿನಿಂದ ಎಷ್ಟು ಬಂದವು, ಕೆಳಗಿನಿಂದ ಎಷ್ಟು ಬಂದವು ಎಂದು ಹೋಲಿಸಿದರೆ ಸಾಕು. ನೆತ್ತಿಯ ಮೇಲೆ ಹುಟ್ಟಿದ್ದು ಸುಮಾರು 15 ಕಿಲೋಮೀಟರ್ ಬಂದಿರುತ್ತದೆ. ಪಾದದಡಿಯಿಂದ ಬರುವುದು ಇಡೀ ಭೂಮಿಯನ್ನು ತೂರಿಕೊಂಡು ಸುಮಾರು 13,000 ಕಿಲೋಮೀಟರ್ ಬಂದಿರುತ್ತದೆ. ಭೂಮಿಯ ಸುತ್ತಲೂ ಗಾಳಿಮಂಡಲದಲ್ಲಿ ಇವು ಒಂದೇ ಪ್ರಮಾಣದಲ್ಲಿ ಹುಟ್ಟುತ್ತವೆ, ಭೂಮಿ ಇವಕ್ಕೆ ಅಡ್ಡಿಯೇ ಅಲ್ಲ. ಹಾಗಾಗಿ ಎರಡೂ ಎಣಿಕೆ ಸಮ ಇರಬೇಕು, ಅಲ್ವಾ?

ಇರಲಿಲ್ಲ. 1998ರಲ್ಲಿ ಸೂಪರ್ ಕಾಮಿಯೋಕಾಂಡೆ ತಂಡದ ವಿಜ್ಞಾನಿ ತಕಾಕಿ ಕಜಿತಾ ಮುಂದಿಟ್ಟ ಲೆಕ್ಕದಲ್ಲಿ, ಕೆಳಗಿನಿಂದ ಬಂದ ಮ್ಯೂಯಾನ್ ನ್ಯೂಟ್ರಿನೊಗಳು ಮೇಲಿನವುಗಳ ಸುಮಾರು ಅರ್ಧದಷ್ಟೇ ಇದ್ದವು. ಎಲೆಕ್ಟ್ರಾನ್ ಬಗೆಯಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಅಂದರೆ ದೂರದ ದಾರಿಯಲ್ಲಿ ಮ್ಯೂಯಾನ್ ಬಗೆಯವು ಮೂರನೆಯ ಬಗೆಯಾದ ಟೌ ಆಗಿ ಬದಲಾಗಿದ್ದವು.

ಕೊನೆಯ ಹಂತ ಯೋಚನೆಯದು. ದ್ರವ್ಯರಾಶಿ ಇಲ್ಲದ ಕಣ ಬೆಳಕಿನ ವೇಗದಲ್ಲೇ ಓಡುತ್ತದೆ. ಅದರ ಪಾಲಿಗೆ ಕಾಲ ಸರಿಯುವುದೇ ಇಲ್ಲ, ಬದಲಾಗುವುದೆಲ್ಲಿಂದ ಬಂತು? ಬದಲಾಯಿತು ಎಂದರೆ ನ್ಯೂಟ್ರಿನೊಗೆ ದ್ರವ್ಯರಾಶಿ ಇದೆ. ಆದರೆ ಕಣಗಳ ಬಗ್ಗೆ ನಾವು ನಂಬಿರುವ ಸ್ಟ್ಯಾಂಡರ್ಡ್ ಮಾಡೆಲ್‌ನಲ್ಲಿ ಅದು ಸೊನ್ನೆ. ಅಲ್ಲೇ ಬಿರುಕು. ಎಷ್ಟಿದೆ ಎಂದು ತಿಳಿಯಲು ಜರ್ಮನಿಯ ಕಾರ್ಲ್ಸ್‌ರೂಹ್‌ನಲ್ಲಿ ಅಳತೆ ನಡೆಸಿದ್ದಾರೆ. ಎಲೆಕ್ಟ್ರಾನಿನ ಹತ್ತು ಲಕ್ಷದಲ್ಲೊಂದು ಪಾಲಿಗಿಂತಲೂ ಕಡಿಮೆ ಎಂಬಲ್ಲಿಗೆ ತಲುಪಿದ್ದಾರೆ. ಇಷ್ಟು ಹಗುರವಾಗಲು ಕಾರಣವೇನು ಎಂಬುದಕ್ಕೆ ಆ ಮಾಡೆಲ್‌ನಲ್ಲಿ ಉತ್ತರವಿಲ್ಲ.